ಟ್ರಾವೆಲ್ ಟ್ರೇಲರ್ ಟೈರು ಸಿಡಿತ

ಟ್ರಾವೆಲ್ ಟ್ರೇಲರ್ ಟೈರು ಸಿಡಿತ ಎಂದರೆ, ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ ವಾಸಯೋಗ್ಯ ಪ್ರವಾಸಿ ಗಾಡಿಯ ಟೈರು ಹೆದ್ದಾರಿಯ ವೇಗದಲ್ಲಿ ಓಡುತ್ತಿರುವಾಗ ಒಳಗಿನ ಗಾಳಿಯನ್ನು ಒಮ್ಮೆಲೇ ಕಳೆದುಕೊಂಡು ಹರಿದುಹೋಗುವುದು. ಇಂತಹ ಗಾಡಿಗಳು ಹೇರಳವಾಗಿ ಬಳಕೆಯಲ್ಲಿರುವ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಇದು ದೂರಪ್ರಯಾಣದ ಸಾಮಾನ್ಯ ಅವಘಡಗಳಲ್ಲಿ ಒಂದಾಗಿದೆ. ಸಿಡಿತವು ಕ್ಷಣಾರ್ಧದಲ್ಲಿ ಸಂಭವಿಸಿದಂತೆ ಕಂಡರೂ ಅದರ ಕಾರಣಗಳು ಬಹುಮಟ್ಟಿಗೆ ಗಂಟೆಗಳ, ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಹಿಂದೆಯೇ ಆರಂಭವಾಗಿರುತ್ತವೆ. ಗಾಳಿಯ ಕೊರತೆ, ಅತಿಭಾರ, ವೇಗ ಮತ್ತು ವಯಸ್ಸು ಇವುಗಳಲ್ಲಿ ಪ್ರಮುಖವಾದವು. ಈ ನಾಲ್ಕನ್ನೂ ಗಾಡಿ ಹೊರಡುವ ಮೊದಲೇ ಅಥವಾ ಚಾಲನೆಯ ವೇಳೆಯಲ್ಲೇ ಹತೋಟಿಯಲ್ಲಿಡಬಹುದಾದ್ದರಿಂದ, ಹೆಚ್ಚಿನ ಸಿಡಿತಗಳನ್ನು ತಪ್ಪಿಸಲು ಸಾಧ್ಯವಿದೆ.

ಗಾಡಿಯ ಸ್ವರೂಪ

ಎಳೆದೊಯ್ಯುವ ಪ್ರವಾಸಿ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಎಳೆಯುವ ವಾಹನದ ಹಿಂತುದಿಯಲ್ಲಿರುವ ಗುಂಡಿನಾಕಾರದ ಕೊಂಡಿಗೆ ಜೋಡಿಸುವ ಟ್ರಾವೆಲ್ ಟ್ರೇಲರ್. ಇದರ ಒಟ್ಟು ತೂಕದ ಸುಮಾರು ಶೇಕಡ 10ರಿಂದ 15ರಷ್ಟು ಭಾಗವು ಕೊಂಡಿಯ ಮೇಲೆ ಬೀಳಬೇಕೆಂಬುದು ಸಾಮಾನ್ಯ ನಿಯಮ. ಎರಡನೆಯದು ಪಿಕಪ್ ಟ್ರಕ್ಕಿನ ಸರಕುತಟ್ಟೆಯ ನಡುವೆ, ಹಿಂದಿನ ಆಕ್ಸಲ್‌ನ ಆಸುಪಾಸಿನಲ್ಲಿ ಜೋಡಿಸುವ ಫಿಫ್ತ್ ವೀಲ್ ಟ್ರೇಲರ್. ಇದರಲ್ಲಿ ಕೊಂಡಿಯ ಮೇಲಿನ ಭಾರ ಶೇಕಡ 15ರಿಂದ 25ರವರೆಗೆ ಇರುತ್ತದೆ. ಎರಡರಲ್ಲಿಯೂ ಉಳಿದ ಭಾರವನ್ನೆಲ್ಲ ಹೊರುವುದು ಟ್ರೇಲರಿನ ಟೈರುಗಳೇ.

ಮಧ್ಯಮ ಮತ್ತು ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದರ ಹಿಂದೊಂದರಂತೆ ಎರಡು ಆಕ್ಸಲ್‌ಗಳೂ ನಾಲ್ಕು ಟೈರುಗಳೂ ಇರುತ್ತವೆ. ಅತಿ ದೊಡ್ಡ ಗಾಡಿಗಳಲ್ಲಿ ಮೂರು ಆಕ್ಸಲ್‌ಗಳೂ ಇರುವುದುಂಟು. ಈ ಚಕ್ರಗಳಿಗೆ ಎಂಜಿನ್ನಿನ ಚಾಲನೆಯಿಲ್ಲ, ತಿರುಗಿಸುವ ಏರ್ಪಾಡೂ ಇಲ್ಲ. ಅವು ಕೇವಲ ಭಾರ ಹೊತ್ತು ಹಿಂಬಾಲಿಸುತ್ತವೆ. ಕಾರಿನ ಟೈರಿನಲ್ಲಿ ಗಾಳಿ ಇಳಿದರೆ ಸ್ಟಿಯರಿಂಗ್ ಚಕ್ರದ ಮೂಲಕ ಅದು ಚಾಲಕನ ಕೈಗೆ ತಿಳಿಯುತ್ತದೆ. ಟ್ರೇಲರಿನ ಟೈರಿಗೂ ಚಾಲಕನಿಗೂ ಅಂತಹ ಸಂಪರ್ಕವೇ ಇಲ್ಲ. ಎರಡು ಆಕ್ಸಲ್‌ಗಳ ಗಾಡಿಯಲ್ಲಿ ಒಂದು ಟೈರು ಸಪಾಟಾದರೂ ಪಕ್ಕದ ಟೈರು ಗಾಡಿಯನ್ನು ಎತ್ತಿಹಿಡಿಯುವುದರಿಂದ, ಚಾಲಕನು ಏನೂ ತಿಳಿಯದೆ ಹಲವು ಕಿಲೋಮೀಟರು ಮುಂದೆ ಸಾಗಬಹುದು. ಹಿಂದಿನ ವಾಹನದವರು ದೀಪ ಮಿನುಗಿಸಿದಾಗ ಮಾತ್ರ ವಿಷಯ ತಿಳಿದ ಸಂದರ್ಭಗಳು ವಿರಳವಲ್ಲ.

ಟ್ರೇಲರ್ ಟೈರುಗಳು

ಅಮೆರಿಕದಲ್ಲಿ ಈ ಗಾಡಿಗಳಿಗೆ ಹೆಚ್ಚಾಗಿ ಎಸ್‌ಟಿ ಎಂಬ ಗುರುತಿನ, ಟ್ರೇಲರ್‌ಗೆಂದೇ ತಯಾರಾದ ಟೈರುಗಳನ್ನು ಅಳವಡಿಸುತ್ತಾರೆ. ಇವುಗಳ ಪಕ್ಕದ ಗೋಡೆಗಳು ಗಡುಸಾಗಿದ್ದು, ಹೆಚ್ಚು ಭಾರ ಹೊರಲು ಮತ್ತು ಗಾಡಿಯ ಓಲಾಟವನ್ನು ತಗ್ಗಿಸಲು ನೆರವಾಗುತ್ತವೆ. ಟೈರಿನ ಮೇಲೆ ಎಸ್‌ಟಿ225/75ಆರ್15 ಎಂದು ಬರೆದಿದ್ದರೆ, ಅದು 225 ಮಿಲಿಮೀಟರ್ ಅಗಲದ, ಗೋಡೆಯ ಎತ್ತರವು ಅಗಲದ ಶೇಕಡ 75ರಷ್ಟಿರುವ, 15 ಅಂಗುಲದ ರಿಮ್‌ಗೆ ಹೊಂದುವ ರೇಡಿಯಲ್ ಟ್ರೇಲರ್ ಟೈರು ಎಂದರ್ಥ.

ಅಳತೆಯೊಂದಿಗೆ ಸಿ, ಡಿ, ಇ ಮುಂತಾದ ಭಾರಶ್ರೇಣಿಯ ಅಕ್ಷರವೂ ಇರುತ್ತದೆ. ಮೇಲೆ ಹೇಳಿದ ಅಳತೆಯ ಡಿ ಶ್ರೇಣಿಯ ಟೈರು 65 ಪಿಎಸ್‌ಐ ಗಾಳಿಯೊತ್ತಡದಲ್ಲಿ 2,540 ಪೌಂಡ್, ಅಂದರೆ ಸುಮಾರು 1,152 ಕಿಲೋಗ್ರಾಂ ಹೊರಬಲ್ಲದು. ಅದೇ ಅಳತೆಯ ಇ ಶ್ರೇಣಿಯ ಟೈರು 80 ಪಿಎಸ್‌ಐನಲ್ಲಿ 2,830 ಪೌಂಡ್, ಅಂದರೆ ಸುಮಾರು 1,284 ಕಿಲೋಗ್ರಾಂ ಹೊರುತ್ತದೆ. ಆದರೆ ಈ ಇ ಶ್ರೇಣಿಯ ಟೈರಿಗೆ 65 ಪಿಎಸ್‌ಐ ಗಾಳಿಯನ್ನಷ್ಟೇ ತುಂಬಿಸಿದರೆ ಅದರ ಸಾಮರ್ಥ್ಯವೂ ಡಿ ಶ್ರೇಣಿಯ ಮಟ್ಟಕ್ಕೇ ಇಳಿಯುತ್ತದೆ. ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗೆ ಬಂಧಿತವಾದ ಗಾಳಿ. ಟೈರು ಆ ಗಾಳಿಯನ್ನು ಹಿಡಿದಿಡುವ ಪಾತ್ರೆ ಮಾತ್ರ. ಈ ವಿಷಯದ ಬಹುಪಾಲು ಎಚ್ಚರಿಕೆಗಳ ಮೂಲದಲ್ಲಿರುವುದು ಈ ಒಂದೇ ತತ್ತ್ವ.

ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತವೊಂದಿರುತ್ತದೆ. 2000ದಿಂದೀಚೆಗೆ ತಯಾರಾದ ಟೈರುಗಳಲ್ಲಿ ಅದರ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. ಉದಾಹರಣೆಗೆ, 2319 ಎಂದಿದ್ದರೆ ಆ ಟೈರು 2019ರ 23ನೆಯ ವಾರದಲ್ಲಿ ತಯಾರಾದದ್ದು. ಪೂರ್ಣ ಸಂಕೇತವು ಟೈರಿನ ಒಂದು ಬದಿಯಲ್ಲಿ ಮಾತ್ರ ಇರಬಹುದು. ಅದು ಗಾಡಿಯ ಒಳಮುಖಕ್ಕೆ ಬಂದಿದ್ದರೆ ಕೆಳಗೆ ಬಗ್ಗಿ ಓದಬೇಕಾಗುತ್ತದೆ.

ಸಿಡಿತ ಉಂಟಾಗುವ ಕ್ರಮ

ಉರುಳುವ ಟೈರಿನ ಪ್ರತಿಯೊಂದು ಭಾಗವೂ ನೆಲಕ್ಕೆ ತಾಗಿದಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಎಸ್‌ಟಿ225/75ಆರ್15 ಅಳತೆಯ ಟೈರು ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ಸುತ್ತುತ್ತದೆ. ಅಷ್ಟು ಬಾರಿಯೂ ಗೋಡೆ ಬಾಗಿ ನೆಟ್ಟಗಾಗುತ್ತದೆ. ತಂತಿಯ ತುಂಡೊಂದನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಾಗಿದ ಜಾಗ ಬಿಸಿಯಾಗಿ ಕೊನೆಗೆ ತುಂಡಾಗುವಂತೆ, ಟೈರು ಕೂಡ ಬಾಗುವಿಕೆಯಿಂದಲೇ ಬಿಸಿಯಾಗುತ್ತದೆ. ಗಾಳಿ ಸರಿಯಾಗಿದ್ದು ಭಾರ ಮಿತಿಯಲ್ಲಿದ್ದರೆ, ಉತ್ಪತ್ತಿಯಾದ ಶಾಖವು ಹೊರಗಿನ ಗಾಳಿಗೆ ಹರಿದುಹೋಗಿ ಉಷ್ಣತೆ ಒಂದು ಹಂತದಲ್ಲಿ ಸ್ಥಿರವಾಗುತ್ತದೆ. ಗಾಳಿ ಕಡಿಮೆಯಾದರೆ ಅಥವಾ ಭಾರ ಹೆಚ್ಚಾದರೆ ಬಾಗುವಿಕೆ ಹೆಚ್ಚುತ್ತದೆ; ಶಾಖವು ಹೊರಹೋಗುವುದಕ್ಕಿಂತ ವೇಗವಾಗಿ ಒಳಗೆ ಸಂಗ್ರಹವಾಗುತ್ತದೆ.

ಇದರ ಪರಿಣಾಮ ಎರಡು ರೀತಿಯಲ್ಲಿ ಪ್ರಕಟವಾಗುತ್ತದೆ. ಒಂದು, ಪಕ್ಕದ ಗೋಡೆಯ ಒಳಗಿರುವ ನೂಲಿನ ಪದರಗಳು ಬಿಸಿಯಿಂದ ದುರ್ಬಲಗೊಂಡು ಗೋಡೆಯೇ ಹರಿಯುವುದು. ಇನ್ನೊಂದು, ನೆಲಕ್ಕೆ ತಾಗುವ ಟ್ರೆಡ್‌ನ ಕೆಳಗಿರುವ ಉಕ್ಕಿನ ಪಟ್ಟಿಗಳು ರಬ್ಬರಿನಿಂದ ಬೇರ್ಪಡುವುದು. ಈ ಬೇರ್ಪಡೆಯು ಸಾಮಾನ್ಯವಾಗಿ ಪಟ್ಟಿಯ ಅಂಚಿನಲ್ಲಿ ಸಣ್ಣ ಬಿರುಕಾಗಿ ಆರಂಭವಾಗಿ, ಪ್ರಯಾಣದಿಂದ ಪ್ರಯಾಣಕ್ಕೆ ಒಳಗೊಳಗೇ ಬೆಳೆಯುತ್ತದೆ. ಹೊರಗಿನಿಂದ ಟ್ರೆಡ್‌ನಲ್ಲಿ ಉಬ್ಬು, ತಿರುಚು ಅಥವಾ ಅಸಮ ಸವೆತ ಕಾಣಿಸಿಕೊಳ್ಳಬಹುದು. ಕೊನೆಗೊಂದು ದಿನ ಟ್ರೆಡ್ ಇಡಿಯಾಗಿ ಸುಲಿದುಹೋಗುತ್ತದೆ. ಒಮ್ಮೆ ಅತಿಯಾಗಿ ಬಿಸಿಯಾದ ಟೈರಿಗೆ ಮತ್ತೆ ಗಾಳಿ ತುಂಬಿಸಿದರೂ ಒಳಗಿನ ಹಾನಿ ಸರಿಹೋಗುವುದಿಲ್ಲ.

ಕಾರಣಗಳು

ಗಾಳಿಯ ಕೊರತೆ: ಸಣ್ಣ ಮೊಳೆ, ಸೋರುವ ವಾಲ್ವ್ ಅಥವಾ ತಿಂಗಳುಗಟ್ಟಲೆ ಪರೀಕ್ಷಿಸದೆ ಬಿಟ್ಟದ್ದರಿಂದ ಒತ್ತಡ ಇಳಿಯುತ್ತದೆ. ಹವಾಮಾನದ ಪಾತ್ರವೂ ಇದೆ. ಉಷ್ಣತೆಯು 5.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದರೆ ಒತ್ತಡವು ಸುಮಾರು ಶೇಕಡ 2ರಷ್ಟು ತಗ್ಗುತ್ತದೆ. 35 ಡಿಗ್ರಿ ಬಿಸಿಲಿನಲ್ಲಿ 80 ಪಿಎಸ್‌ಐ ತುಂಬಿಸಿದ ಟೈರು, ಒಂದು ತೊಟ್ಟು ಗಾಳಿ ಸೋರದಿದ್ದರೂ, 5 ಡಿಗ್ರಿ ಚಳಿಯ ಬೆಳಗಿನಲ್ಲಿ ಸುಮಾರು 71 ಪಿಎಸ್‌ಐ ತೋರಿಸುತ್ತದೆ.

ಅತಿಭಾರ: ಈ ಗಾಡಿಗಳು ಮನೆಯ ರೂಪದವು, ಪಾತ್ರೆಪಗಡಿ, ಬಟ್ಟೆಬರೆ, ಉಪಕರಣಗಳು ಕ್ರಮೇಣ ಸೇರುತ್ತಾ ಹೋಗುತ್ತವೆ. 380 ಲೀಟರಿನ ನೀರಿನ ತೊಟ್ಟಿಯನ್ನು ತುಂಬಿಸಿದರೆ ಅದೊಂದೇ 380 ಕಿಲೋಗ್ರಾಂ ತೂಗುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದರೂ ಅದು ಸಮನಾಗಿ ಹಂಚಿಕೆಯಾಗದಿರಬಹುದು. ತಲಾ 1,152 ಕಿಲೋಗ್ರಾಂ ಸಾಮರ್ಥ್ಯದ ನಾಲ್ಕು ಟೈರುಗಳು ಒಟ್ಟು 4,608 ಕಿಲೋಗ್ರಾಂ ಹೊರಬಲ್ಲವು. ಅವುಗಳ ಮೇಲೆ 4,300 ಕಿಲೋಗ್ರಾಂ ಭಾರವಿದ್ದರೆ ಲೆಕ್ಕಕ್ಕೆ ತೊಂದರೆಯಿಲ್ಲ. ಆದರೆ ಅಡುಗೆಮನೆ ಮತ್ತು ಫ್ರಿಜ್ ಇರುವ ಬದಿಯಲ್ಲಿ 2,350, ಇನ್ನೊಂದು ಬದಿಯಲ್ಲಿ 1,950 ಕಿಲೋಗ್ರಾಂ ಬಿದ್ದರೆ, ಭಾರವಾದ ಬದಿಯ ಪ್ರತಿ ಟೈರಿನ ಪಾಲು 1,175 ಕಿಲೋಗ್ರಾಂ ಆಗುತ್ತದೆ. ಒಟ್ಟು ತೂಕ ಸರಿಯಾಗಿದ್ದೂ ಎರಡು ಟೈರುಗಳು ಮಿತಿಮೀರಿದ ಭಾರ ಹೊರುತ್ತಿರುತ್ತವೆ.

ವೇಗ: ಬೇರೆ ಮಿತಿಯನ್ನು ನಮೂದಿಸದ ಎಸ್‌ಟಿ ಟೈರುಗಳಿಗೆ ಸಾಂಪ್ರದಾಯಿಕ ಗರಿಷ್ಠ ವೇಗ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್. ಅಮೆರಿಕದ ಪಶ್ಚಿಮದ ಹಲವು ರಾಜ್ಯಗಳಲ್ಲಿ ಹೆದ್ದಾರಿಯ ಮಿತಿ ಇದಕ್ಕಿಂತ ಹೆಚ್ಚು. ಟೆಕ್ಸಾಸಿನ 130ನೆಯ ರಾಜ್ಯ ಹೆದ್ದಾರಿಯ ಒಂದು ಭಾಗದಲ್ಲಿ 2012ರಿಂದ 85 ಮೈಲಿಯ ಮಿತಿ ಜಾರಿಯಲ್ಲಿದೆ. ರಸ್ತೆಯ ಫಲಕ ಅನುಮತಿಸಿದ ವೇಗವನ್ನು ಟೈರು ತಾಳಿಕೊಳ್ಳಬೇಕೆಂದೇನಿಲ್ಲ. ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್ ಎಳೆಯುವ ವಾಹನಗಳಿಗೆ ಪ್ರತ್ಯೇಕವಾಗಿ 55 ಮೈಲಿಯ ಮಿತಿ ಇದೆ.

ವಯಸ್ಸು: ಕಾರಿನ ಟೈರು ಸಾಮಾನ್ಯವಾಗಿ ಸವೆದು ನಿವೃತ್ತಿಯಾಗುತ್ತದೆ, ಟ್ರೇಲರಿನ ಟೈರು ಸವೆಯುವ ಮುನ್ನವೇ ಮುಪ್ಪಾಗುತ್ತದೆ. ವರ್ಷದ ಬಹುಭಾಗ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತಿರುವ ಟೈರಿನ ರಬ್ಬರನ್ನು ಬಿಸಿಲು, ಓಝೋನ್ ಮತ್ತು ಆಮ್ಲಜನಕಗಳು ಗಡುಸಾಗಿಸಿ ಬಿರುಕುಗೊಳಿಸುತ್ತವೆ. ಟ್ರೆಡ್ ಹೊಸದರಂತೆ ಕಾಣುವುದರಿಂದ ಮಾಲೀಕರು ಮೋಸಹೋಗುವುದು ಇಲ್ಲಿಯೇ.

ಬಿಗಿಯಾದ ತಿರುವು: ಎರಡು ಆಕ್ಸಲ್‌ಗಳ ಗಾಡಿಯನ್ನು ಕಿರಿದಾದ ಜಾಗದಲ್ಲಿ ತಿರುಗಿಸಿದಾಗ ಟೈರುಗಳು ಉರುಳುವ ಬದಲು ಅಡ್ಡಕ್ಕೆ ತೆವಳುತ್ತವೆ. ಆಗ ಉಕ್ಕಿನ ಪಟ್ಟಿಗಳ ನಡುವಿನ ರಬ್ಬರಿನ ಮೇಲೆ ಅಪಾರ ಎಳೆತ ಬೀಳುತ್ತದೆ. ಪ್ರವಾಸಿ ತಂಗುದಾಣದಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿ ನಿಲ್ಲಿಸುವಾಗ ಆದ ಹಾನಿಯ ಫಲ, ಬಹುಕಾಲದ ನಂತರ ಹೆದ್ದಾರಿಯಲ್ಲಿ ಕಾಣಿಸಬಹುದು.

ವಾಲ್ವ್ ಮತ್ತು ರಿಮ್: ರಂಧ್ರದೊಳಗೆ ಎಳೆದು ಕೂರಿಸುವ ಸಾಮಾನ್ಯ ರಬ್ಬರ್ ವಾಲ್ವ್‌ಗಳ ಮಿತಿ 65 ಪಿಎಸ್‌ಐ. 80 ಪಿಎಸ್‌ಐ ಬೇಡುವ ಟೈರುಗಳಿಗೆ ಲೋಹದ ವಾಲ್ವ್ ಅಗತ್ಯ. ರಿಮ್‌ಗೂ ತನ್ನದೇ ಆದ ಒತ್ತಡ ಮತ್ತು ಭಾರದ ಮಿತಿಗಳಿರುತ್ತವೆ.

ಇವಲ್ಲದೆ ರಸ್ತೆಗುಂಡಿ, ಕಬ್ಬಿಣದ ಚೂರು, ಬಾಗಿದ ಆಕ್ಸಲ್ ಮತ್ತು ತಯಾರಿಕೆಯ ದೋಷಗಳೂ ಸಿಡಿತಕ್ಕೆ ಕಾರಣವಾಗುತ್ತವೆ.

ಪರಿಣಾಮಗಳು

ಸಿಡಿತದ ಹಾನಿ ಟೈರಿಗಷ್ಟೇ ಸೀಮಿತವಲ್ಲ. ಸುಲಿದ ಟ್ರೆಡ್‌ನ ತುಂಡು ಉಕ್ಕಿನ ತಂತಿಗಳ ಸಮೇತ ಚಾವಟಿಯಂತೆ ಬೀಸುತ್ತಾ ಚಕ್ರದ ಮೇಲಿನ ಗೂಡನ್ನು ಬಡಿಯುತ್ತದೆ. ಈ ಗೂಡು ಬಹಳಷ್ಟು ಗಾಡಿಗಳಲ್ಲಿ ತೆಳುವಾದ ತಗಡು ಅಥವಾ ಪ್ಲಾಸ್ಟಿಕ್ಕಿನದು. ಅದನ್ನು ಭೇದಿಸಿದ ಹೊಡೆತಗಳು ನೆಲಹಾಸು, ನೀರಿನ ಕೊಳವೆ, ವಿದ್ಯುತ್ ತಂತಿ, ಬ್ರೇಕಿನ ತಂತಿಗಳನ್ನು ಕತ್ತರಿಸಬಹುದು. ಗಾಡಿಯ ಅಡಿಯಲ್ಲಿ ಹಾದುಹೋಗುವ ಅಡುಗೆ ಅನಿಲದ ಕೊಳವೆಗೆ ಪೆಟ್ಟು ಬಿದ್ದರೆ ಬೆಂಕಿಯ ಅಪಾಯವಿದೆ.

ಎರಡನೆಯ ಪರಿಣಾಮವು ಪಕ್ಕದ ಟೈರಿನ ಮೇಲೆ. ಒಂದು ಟೈರು ನಿಷ್ಕ್ರಿಯವಾದ ಕ್ಷಣದಿಂದ ಅದೇ ಬದಿಯ ಇನ್ನೊಂದು ಟೈರು ಸುಮಾರು ಎರಡರಷ್ಟು ಭಾರ ಹೊರಬೇಕಾಗುತ್ತದೆ. ಅದು ಆಗಲೇ ಸಿಡಿಯದಿದ್ದರೂ ಒಳಗೆ ಪೆಟ್ಟು ತಿಂದಿರುತ್ತದೆ. ಕೆಲವು ದಿನಗಳ ಅಂತರದಲ್ಲಿ ಒಂದೇ ಬದಿಯ ಎರಡು ಟೈರುಗಳು ಸಿಡಿಯುವುದಕ್ಕೆ ಇದೇ ಸಾಮಾನ್ಯ ವಿವರಣೆ.

ಮೂರನೆಯದು ಗಾಡಿಯ ಓಲಾಟ. ಸಿಡಿದ ಬದಿಯ ಎಳೆತದಿಂದ ಟ್ರೇಲರ್ ಅಕ್ಕಪಕ್ಕಕ್ಕೆ ತೂಗಾಡಲಾರಂಭಿಸಿ, ಮಿತಿಮೀರಿದರೆ ಎಳೆಯುವ ವಾಹನವನ್ನೂ ಸೇರಿಸಿ ಉರುಳಿಸಬಲ್ಲದು. ಒಂದೇ ಆಕ್ಸಲ್‌ನ ಗಾಡಿಗಳಲ್ಲಿ ಈ ಅಪಾಯ ಹೆಚ್ಚು. ಕೊಂಡಿಯ ಸ್ಥಾನದ ಕಾರಣದಿಂದ ಫಿಫ್ತ್ ವೀಲ್ ಗಾಡಿಗಳಲ್ಲಿ ಕಡಿಮೆ. ರಸ್ತೆಯಲ್ಲಿ ಉಳಿಯುವ ರಬ್ಬರಿನ ತುಂಡುಗಳು ಹಿಂದೆ ಬರುವ ವಾಹನಗಳಿಗೂ ಅಪಾಯಕಾರಿ.

ಸಿಡಿತದ ವೇಳೆ ಚಾಲಕನ ಕ್ರಮ

ಸದ್ದು ಕೇಳಿದ ಕೂಡಲೇ ಬ್ರೇಕನ್ನು ಬಲವಾಗಿ ಒತ್ತುವುದು ಸಹಜ ಪ್ರತಿಕ್ರಿಯೆ. ಆದರೆ ಅದೇ ಅತ್ಯಂತ ಅಪಾಯಕರ. ಎಳೆಯುವ ವಾಹನ ಹಠಾತ್ತನೆ ನಿಧಾನವಾದರೆ ಹಿಂದಿನ ಭಾರವು ಅದನ್ನು ತಳ್ಳಿ ಓರೆಗೊಳಿಸುತ್ತದೆ. ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು ವಾಹನವನ್ನು ನೇರವಾಗಿಟ್ಟುಕೊಂಡು, ವೇಗ ತಾನಾಗಿಯೇ ಇಳಿಯಲು ಬಿಡಬೇಕೆಂಬುದು ಸಾಮಾನ್ಯ ಶಿಫಾರಸು. ಓಲಾಟ ಆರಂಭವಾಗಿದ್ದರೆ, ಚಾಲಕನ ಬಳಿಯಿರುವ ಪ್ರತ್ಯೇಕ ನಿಯಂತ್ರಕದಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಮೆಲ್ಲನೆ ಹಾಕಿದರೆ ಹಿಂದಿನ ಗಾಡಿ ನೇರವಾಗಲು ನೆರವಾಗುತ್ತದೆ.

ವೇಗ ತಗ್ಗಿದ ಮೇಲೆ, ಸಮತಟ್ಟಾದ, ಗಟ್ಟಿ ನೆಲವಿರುವ, ವಾಹನಗಳ ಸಾಲಿನಿಂದ ಸಾಕಷ್ಟು ದೂರದ ಜಾಗದಲ್ಲಿ ನಿಲ್ಲಿಸಬೇಕು. ಸಿಡಿದದ್ದು ವಾಹನಗಳು ಹಾದುಹೋಗುವ ಬದಿಯ ಟೈರಾಗಿದ್ದರೆ, ಹೆದ್ದಾರಿಯ ಅಂಚಿನಲ್ಲಿ ಕುಳಿತು ಚಕ್ರ ಬದಲಾಯಿಸುವುದು ಸಿಡಿತಕ್ಕಿಂತಲೂ ಅಪಾಯಕರ. ನಿಧಾನವಾಗಿ ಮುಂದಿನ ನಿರ್ಗಮನದವರೆಗೆ ಸಾಗಿದರೆ ರಿಮ್ ಹಾಳಾಗಬಹುದು. ಆದರೆ ರಿಮ್ ಮತ್ತೆ ಸಿಗುವ ವಸ್ತು. ನಿಂತ ವಾಹನಗಳ ಬಳಿ ಪಥ ಬದಲಿಸಬೇಕು ಅಥವಾ ವೇಗ ತಗ್ಗಿಸಬೇಕು ಎಂಬ ಕಾನೂನು ಅಮೆರಿಕದ 50 ರಾಜ್ಯಗಳಲ್ಲಿಯೂ ಇದ್ದರೂ, ಅದು ಯಾವ ವಾಹನಗಳಿಗೆ ಅನ್ವಯಿಸುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ.

ತಡೆಗಟ್ಟುವ ಕ್ರಮಗಳು

ಗಾಳಿಯ ಪರೀಕ್ಷೆ: ಪ್ರಯಾಣದ ಪ್ರತಿ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಬಿಸಿಲು ಬೀಳುವ ಮೊದಲೇ ಒತ್ತಡವನ್ನು ಅಳೆಯಬೇಕು. ತುಂಬಬೇಕಾದ ಒತ್ತಡವನ್ನು ಟ್ರೇಲರಿನ ಎಡಬದಿಯ ಮುಂಭಾಗದ ಹೊರಗೋಡೆಯ ಮೇಲಿನ ಚೀಟಿಯಲ್ಲಿ ನಮೂದಿಸಿರುತ್ತಾರೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಅದನ್ನು ಕಂಡು ಗಾಳಿ ಬಿಟ್ಟರೆ, ತಣ್ಣಗಾದಾಗ ಕೊರತೆ ಉಂಟಾಗುತ್ತದೆ.

ತೂಕ: ಹೊರಡಲು ಸಿದ್ಧವಾದ ಸ್ಥಿತಿಯಲ್ಲಿ, ನೀರು ಮತ್ತು ಸಾಮಾನುಗಳ ಸಮೇತ ಗಾಡಿಯನ್ನು ತೂಗಿಸಬೇಕು. ಟ್ರಕ್ ತಂಗುದಾಣಗಳ ತೂಕಯಂತ್ರಗಳಲ್ಲಿ ಆಕ್ಸಲ್‌ವಾರು ತೂಕ ತಿಳಿಯುತ್ತದೆ. ಪ್ರತಿ ಚಕ್ರದ ತೂಕವನ್ನು ಬೇರೆಬೇರೆಯಾಗಿ ತಿಳಿಯಲು ಎಸ್ಕೇಪೀಸ್ ಎಂಬ ಪ್ರವಾಸಿ ಗಾಡಿ ಸಂಘದ ಸ್ಮಾರ್ಟ್‌ವೇ ಯೋಜನೆಯಂತಹ ಸೇವೆಗಳಿವೆ.

ಒತ್ತಡ ಸೂಚಕ: ಟೈರಿನ ಒತ್ತಡ ಮತ್ತು ಉಷ್ಣತೆಯನ್ನು ಚಾಲಕನ ಮುಂದಿನ ಪರದೆಗೆ ತಿಳಿಸುವ ಟಿಪಿಎಂಎಸ್ ಸಾಧನವು ಟೈರು ಮತ್ತು ಚಾಲಕನ ನಡುವಿನ ಕಡಿದ ಸಂಪರ್ಕವನ್ನು ಮತ್ತೆ ಬೆಸೆಯುತ್ತದೆ. ಗಾಳಿ ನಿಧಾನವಾಗಿ ಸೋರುವುದನ್ನು ಇದು ಬೇಗ ಪತ್ತೆಹಚ್ಚುತ್ತದೆ. ಆದರೆ ಗಾಳಿ ಸೋರದೆ ಒಳಗೊಳಗೇ ಬೇರ್ಪಡುತ್ತಿರುವ ಉಕ್ಕಿನ ಪಟ್ಟಿಯ ಸುಳಿವನ್ನು ಇದು ಕೊಡಲಾರದು. ಅದಕ್ಕೆ ಕಣ್ಣು ಮತ್ತು ಕೈಯ ಪರೀಕ್ಷೆಯೇ ಬೇಕು.

ತಪಾಸಣೆ: ಇಂಧನಕ್ಕೆ ನಿಂತಾಗಲೆಲ್ಲ ಟೈರುಗಳನ್ನು ಸುತ್ತಿ ನೋಡಿ, ಉಬ್ಬು, ಬಿರುಕು, ಅಸಮ ಸವೆತಗಳನ್ನು ಗಮನಿಸಬೇಕು. ಒಂದು ಟೈರು ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅದು ಗಾಳಿಯ ಕೊರತೆ, ಅತಿಭಾರ ಅಥವಾ ಹಿಡಿದುಕೊಂಡ ಬ್ರೇಕಿನ ಸೂಚನೆ.

ಬದಲಾವಣೆ: ಟ್ರೆಡ್ ಎಷ್ಟೇ ಉಳಿದಿದ್ದರೂ ಐದಾರು ವರ್ಷಗಳಿಗೊಮ್ಮೆ ಟ್ರೇಲರ್ ಟೈರುಗಳನ್ನು ಬದಲಾಯಿಸುವುದು ಅನುಭವಿಗಳಲ್ಲಿ ರೂಢಿಯಲ್ಲಿರುವ ಕ್ರಮ. ವಯಸ್ಸನ್ನು ಕೊಂಡ ದಿನದಿಂದಲ್ಲ, ಡಿಒಟಿ ಸಂಕೇತದ ದಿನದಿಂದ ಎಣಿಸಬೇಕು. ಗಾಡಿಯ ಅಡಿಯಲ್ಲಿ ಅಥವಾ ಹಿಂದೆ ತೂಗುಹಾಕಿದ ಸ್ಟೆಪ್ನಿಗೂ ಇದೇ ನಿಯಮ. ಬಳಸದಿದ್ದರೂ ಅದು ಮುಪ್ಪಾಗುತ್ತಲೇ ಇರುತ್ತದೆ. ಸಿಡಿತದ ನಂತರ ಸಿಡಿದ ಟೈರಿನ ಜೊತೆಗೆ ಅದರ ಪಕ್ಕದ ಟೈರನ್ನೂ ಬದಲಾಯಿಸುವುದು ಅಥವಾ ಬಿಚ್ಚಿಸಿ ಪರೀಕ್ಷಿಸುವುದು ಕ್ಷೇಮ.

ಬ್ರಿಟನ್ನಿನ ಕೆಲವು ಕ್ಯಾರವಾನ್‌ಗಳಲ್ಲಿ, ಗಾಳಿ ಹೋದ ಟೈರು ರಿಮ್‌ನ ನಡುವಿನ ತಗ್ಗಿಗೆ ಜಾರಿ ಕಳಚಿಕೊಳ್ಳದಂತೆ ತಡೆಯುವ ಟೈರಾನ್ ಎಂಬ ಉಕ್ಕಿನ ಪಟ್ಟಿಗಳನ್ನು ಬಳಸುತ್ತಾರೆ. ಇವು ಸಿಡಿತವನ್ನು ತಪ್ಪಿಸುವುದಿಲ್ಲ. ಸಿಡಿತದ ನಂತರ ಹತೋಟಿ ಉಳಿಸಿಕೊಳ್ಳಲು ನೆರವಾಗುತ್ತವೆ.

ಕಾನೂನು ಮತ್ತು ಮಾನಕಗಳು

ಫೈರ್‌ಸ್ಟೋನ್ ಕಂಪನಿಯು ಟ್ರೆಡ್ ಬೇರ್ಪಡೆಯ ದೂರುಗಳ ಹಿನ್ನೆಲೆಯಲ್ಲಿ 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂಪಡೆದುದು ಅಮೆರಿಕದ ಟೈರು ಕಾನೂನಿನಲ್ಲಿ ಮಹತ್ವದ ತಿರುವಾಯಿತು. ಆ ಪ್ರಕರಣವು ಕಾರು ಮತ್ತು ಲಘು ಟ್ರಕ್ಕುಗಳಿಗೆ, ವಿಶೇಷವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಕ್ಕೆ ಸಂಬಂಧಿಸಿದ್ದು. ಅದರ ಬೆನ್ನಲ್ಲೇ 2000ದ ನವೆಂಬರ್ 1ರಂದು ಟ್ರೆಡ್ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿತ್ತು. ಈ ಕಾಯಿದೆಯ ಫಲವಾಗಿ ಲಘು ವಾಹನಗಳ ಟೈರುಗಳಿಗೆ 139ನೆಯ ಸಂಖ್ಯೆಯ ಹೊಸ, ಕಠಿಣ ಸುರಕ್ಷಾ ಮಾನಕ ಜಾರಿಗೆ ಬಂದಿತು. ಎಸ್‌ಟಿ ಟೈರುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಅವು 1970ರ ದಶಕದಲ್ಲಿ ರೂಪುಗೊಂಡ 119ನೆಯ ಮಾನಕಕ್ಕೇ ಒಳಪಟ್ಟು ಉಳಿದವು. ಅಂತೆಯೇ, 2007ರ ಸೆಪ್ಟೆಂಬರಿನಿಂದ ಹೊಸ ಲಘು ವಾಹನಗಳಿಗೆಲ್ಲ ಕಡ್ಡಾಯವಾದ ಟಿಪಿಎಂಎಸ್ ನಿಯಮವೂ ಟ್ರೇಲರ್‌ಗಳಿಗೆ ಅನ್ವಯಿಸಲಿಲ್ಲ.

ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷಾ ಆಡಳಿತವು ಟೈರಿನ ದೋಷಗಳ ಬಗ್ಗೆ ಸಾರ್ವಜನಿಕರಿಂದ ದೂರುಗಳನ್ನು ಸ್ವೀಕರಿಸುತ್ತದೆ. ದೂರು ಫಲಪ್ರದವಾಗಲು ಡಿಒಟಿ ಸಂಕೇತ ಅಗತ್ಯ. ಕೊಂಡ ಟೈರುಗಳನ್ನು ಅದೇ ಸಂಕೇತದ ಮೂಲಕ ತಯಾರಕರಲ್ಲಿ ನೋಂದಾಯಿಸಿದರೆ, ಮುಂದೆ ಅವನ್ನು ಹಿಂಪಡೆಯುವ ಪ್ರಸಂಗ ಬಂದಾಗ ಸೂಚನೆ ತಲುಪುತ್ತದೆ.

ಚರ್ಚೆಗಳು

ಅಗ್ಗದ ಆಮದು ಟೈರುಗಳನ್ನು ಅಮೆರಿಕದ ಪ್ರವಾಸಿಗಳು ಆಡುಮಾತಿನಲ್ಲಿ ‘ಚೀನಾ ಬಾಂಬ್’ ಎಂದು ಕರೆಯುವುದುಂಟು. ಈ ಹೆಸರಿನ ಹಿಂದಿರುವುದು ಕಹಿ ಅನುಭವವೇ ಆದರೂ, ತಯಾರಾದ ದೇಶವೊಂದರಿಂದಲೇ ಟೈರಿನ ಗುಣವನ್ನು ನಿರ್ಣಯಿಸಲಾಗದು. ಗಾಡಿಯ ತಯಾರಕರು ಸಾಮರ್ಥ್ಯದ ಅಂಚಿಗೆ ಹತ್ತಿರವಾದ ಟೈರುಗಳನ್ನು ಅಳವಡಿಸುತ್ತಾರೆ ಎಂಬ ಟೀಕೆ ಇದೆ. ಅಂತಹ ಟೈರಿನಲ್ಲಿ ಬಳಕೆದಾರನ ಸಣ್ಣ ಅಲಕ್ಷ್ಯವೂ ದೊಡ್ಡದಾಗಿ ಪರಿಣಮಿಸುತ್ತದೆ. ಈ ಅಸಮಾಧಾನದ ನಡುವೆ ಗುಡ್‌ಇಯರ್ ಕಂಪನಿಯು 2017ರಲ್ಲಿ, ಅಮೆರಿಕದಲ್ಲೇ ತಯಾರಾದ, ಗಂಟೆಗೆ 87 ಮೈಲಿಯ ವೇಗಮಿತಿಯುಳ್ಳ ಎಂಡ್ಯುರೆನ್ಸ್ ಎಂಬ ಎಸ್‌ಟಿ ಟೈರನ್ನು ಬಿಡುಗಡೆ ಮಾಡಿತು.

ಎಸ್‌ಟಿ ಬದಲು ಲಘು ಟ್ರಕ್ಕುಗಳ ಎಲ್‌ಟಿ ಟೈರುಗಳನ್ನು ಬಳಸಬಹುದೇ ಎಂಬುದು ಇನ್ನೊಂದು ಚರ್ಚೆ. ಎಲ್‌ಟಿ ಟೈರುಗಳು 139ನೆಯ ಮಾನಕದ ಪರೀಕ್ಷೆಗಳನ್ನು ದಾಟಿ ಬಂದವು. ಆದರೆ ಒಂದೇ ಅಳತೆಯಲ್ಲಿ ಅವುಗಳ ಭಾರಸಾಮರ್ಥ್ಯ ಕಡಿಮೆ. 235/85ಆರ್16 ಅಳತೆಯ ಇ ಶ್ರೇಣಿಯಲ್ಲಿ 80 ಪಿಎಸ್‌ಐಗೆ ಎಸ್‌ಟಿ ಟೈರು 3,640 ಪೌಂಡ್ ಹೊರುವುದಾದರೆ, ಎಲ್‌ಟಿ ಟೈರು 3,042 ಪೌಂಡ್ ಮಾತ್ರ ಹೊರುತ್ತದೆ. ಆದುದರಿಂದ ಗಾಡಿಯ ನಿಜವಾದ ತೂಕವನ್ನು ತಿಳಿಯದೆ ಮಾಡುವ ಬದಲಾವಣೆ ಅತಿಭಾರಕ್ಕೆ ದಾರಿಮಾಡಿಕೊಡಬಹುದು.

ಕಾರಣ ನಿರ್ಣಯದ ತೊಡಕು

ಸಿಡಿದ ಟೈರು ತನ್ನ ಸಾಕ್ಷ್ಯವನ್ನು ತಾನೇ ನಾಶಮಾಡಿಕೊಳ್ಳುತ್ತದೆ. ಚಾಲಕನಿಗೆ ತಿಳಿದು ಗಾಡಿ ನಿಲ್ಲುವಷ್ಟರಲ್ಲಿ ಗೋಡೆಗಳು ಚಿಂದಿಯಾಗಿ, ಮೊಳೆ ಚುಚ್ಚಿದ್ದ ಜಾಗವಾಗಲಿ ಮೊದಲು ಬೇರ್ಪಟ್ಟ ಅಂಚಾಗಲಿ ಉಳಿದಿರುವುದಿಲ್ಲ. ಹೀಗಾಗಿ ಮಾಲೀಕನು ತಯಾರಕನನ್ನೂ ತಯಾರಕನು ಬಳಕೆಯ ರೀತಿಯನ್ನೂ ದೂರುವುದು ಸಾಮಾನ್ಯ. ಬೆಳಗಿನ ಒತ್ತಡದ ದಾಖಲೆ, ತೂಕದ ಚೀಟಿ, ಟೈರಿನ ಡಿಒಟಿ ಸಂಕೇತ ಮತ್ತು ಉಳಿದ ತುಂಡುಗಳು ಇಂತಹ ಸಂದರ್ಭದಲ್ಲಿ ಉಪಯುಕ್ತ ಆಧಾರಗಳಾಗುತ್ತವೆ. ಇವುಗಳಲ್ಲಿ ಮೊದಲ ಎರಡನ್ನು ಸಿಡಿತದ ಮುಂಚೆಯೇ ಸಂಗ್ರಹಿಸಿರಬೇಕು. ಅವನ್ನು ಕ್ರಮವಾಗಿ ಇಟ್ಟುಕೊಂಡವರಿಗೆ ಗಾಳಿಯ ಕೊರತೆ ಮತ್ತು ಅತಿಭಾರಗಳು ರಸ್ತೆಗಿಳಿಯುವ ಮೊದಲೇ ಕಣ್ಣಿಗೆ ಬೀಳುತ್ತವೆ.